ಉಪ್ಪು ತಿಂದವನು

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಬಿಡಿಸಿ ಹೇಳುತ್ತ ಬಂದಿದ್ದೇನೆ. ತಪ್ಪು ಮಾಡಿದವನು ಅದರ ಫಲವನ್ನು ಅನುಭವಿಸಲೇಬೇಕು ಎಂಬುದು ಅದರ ತಾತ್ಪರ್ಯವೆಂದು ಹೇಳಿ, ಹುಡುಗರು ಬರೆದುಕೊಂಡರೋ ಇಲ್ಲವೋ ಎಂದು ನೋಡಿ, ಮುಂದಿನ ಗಾದೆಗೆ ಹೋಗುವುದು ನನ್ನ ವಾಡಿಕೆ. ಗಾದೆಯಲ್ಲಿರುವ ಉಪ್ಪು ನಿಜವಾದ ಉಪ್ಪೂ ಆಗಿರಬಹುದು, ನೀರು ನಿಜವಾದ ನೀರೂ ಆಗಿರಬಹುದು ಎಂಬ ಯೋಚನೆ ನನಗೆ ಎಂದೂ ಬಂದಿರಲಿಲ್ಲ. ಅದು ಬಂದದ್ದು ನಮ್ಮ ಮನೆಯ ಅಡಿಗೆಮನೆಯಲ್ಲಿ, ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ.

ನಮ್ಮ ಮನೆ ಇರುವುದು ಮಂಗಳೂರಿನ ಬೋಳಾರದಲ್ಲಿ, ಮಂಗಳಾದೇವಿ ದೇವಸ್ಥಾನಕ್ಕೆ ಕಾಲುನಡಿಗೆಯ ದೂರದಲ್ಲಿ. ನೇತ್ರಾವತಿ ಕಡಲನ್ನು ಸೇರುವ ಅಳಿವೆ ಇಲ್ಲಿಂದ ದೂರವೇನೂ ಅಲ್ಲ. ಜೂನ್ ತಿಂಗಳು ಬಂತೆಂದರೆ ಮಾಡಿನ ಮೇಲೆ ನೀರು, ಅಂಗಳದಲ್ಲಿ ನೀರು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದು. ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರನ್ನೂ ಒಂದು ತುಂಡು ಬೆಲ್ಲವನ್ನೂ ಕೊಟ್ಟು, ಆಮೇಲೆ ಕುಶಲ ಕೇಳುವುದು ಈ ನಾಡಿನ ಹಳೆಯ ಮರ್ಯಾದೆ. ಇಂಥ ಊರಿನಲ್ಲಿರುವ ನನ್ನ ಅಣ್ಣನಿಗೆ ದಿನಕ್ಕೆ ಒಂದು ಲೀಟರು ನೀರು ಎಂದು ಗೊತ್ತುಮಾಡಿದ್ದಾರೆ. ಆ ಒಂದು ಲೀಟರಿನಲ್ಲಿ ಕಾಫಿಯೂ ಸೇರಿತು, ಸಾರೂ ಸೇರಿತು, ಮಾತ್ರೆ ನುಂಗುವ ಗುಟುಕೂ ಸೇರಿತು.

ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ತಂದೆ ತೀರಿಕೊಂಡ ಮೇಲೆ ಅವನೇ ನನಗೆ ತಂದೆಯಾದ. 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಸುತ್ತಿನಲ್ಲಿ ಅಂಥವು ಅನೇಕ ತಲೆಯೆತ್ತಿದ್ದುವು. ಅವುಗಳಲ್ಲಿ ಒಂದರಲ್ಲಿ ಅಣ್ಣ ಗುಮಾಸ್ತೆಯಾಗಿದ್ದ. ಆ ಸಂಬಳದಲ್ಲಿಯೇ ನಾನು ಎಂ.ಎ. ಮಾಡಿದೆ. ಅವನಿಗೆ ರಕ್ತದೊತ್ತಡ ಇದೆಯೆಂದು ತಿಳಿದು ಬಹಳ ವರ್ಷಗಳಾಗಿದ್ದುವು. ಆದರೆ ತಲೆನೋವಿಲ್ಲ, ತಲೆಸುತ್ತಿಲ್ಲ, ಮತ್ತೇಕೆ ಮಾತ್ರೆ ಎಂದು ಅವನು ಅದನ್ನು ಬಿಟ್ಟುಬಿಟ್ಟಿದ್ದ. ಆ ಕಾಯಿಲೆಯ ಮೋಸವೇ ಅದು. ಒಳಗೆ ಮನೆ ಕೊರೆಯುತ್ತಿದ್ದರೂ ಹೊರಗೆ ಸದ್ದು ಕೇಳಿಸುವುದಿಲ್ಲ. ರಕ್ತದೊತ್ತಡ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡಗಳು ರಕ್ತದೊತ್ತಡವನ್ನು ಇನ್ನೂ ಏರಿಸುತ್ತವೆ. ಯಾವುದು ಕಾರಣ, ಯಾವುದು ಕಾರ್ಯ ಎಂದು ಬಿಡಿಸಿ ನೋಡುವಷ್ಟರಲ್ಲಿ ಎರಡೂ ಕೈಮೀರಿದ್ದುವು. ಈಗ ಮೂರು ವರ್ಷಗಳಿಂದ ಅವನು ವಾರಕ್ಕೆ ಮೂರು ಬೆಳಗ್ಗೆ ಡಯಾಲಿಸಿಸ್‌ಗೆ ಹೋಗುತ್ತಾನೆ. ಪ್ರತಿಸಲವೂ ನಾಲ್ಕು ಗಂಟೆ.

ವಾರಕ್ಕೆ 168 ಗಂಟೆಗಳು. ಆರೋಗ್ಯವಂತನ ಮೂತ್ರಪಿಂಡಗಳು ಅಷ್ಟು ಗಂಟೆಯೂ ದುಡಿಯುತ್ತವೆ. ಯಂತ್ರ ದುಡಿಯುವುದು 12 ಗಂಟೆ. ಉಳಿದ 156 ಗಂಟೆ ರೋಗಿ ಇರುವುದು ಮನೆಯಲ್ಲಿ, ಮನೆಯವರ ನಡುವೆ. ಮೂತ್ರವಿಲ್ಲದ ದೇಹದಲ್ಲಿ ಕುಡಿದ ನೀರಿಗೆ ಹೊರಬೀಳುವ ದಾರಿ ಬಲು ಕಡಮೆ. ಬಹುಪಾಲು ರಕ್ತನಾಳಗಳಲ್ಲಿಯೂ ಅಂಗಾಂಶಗಳಲ್ಲಿಯೂ ನಿಲ್ಲುತ್ತದೆ. ನಾಳ ತುಂಬಿದಂತೆ ಒತ್ತಡ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ಲೀಟರು ನೀರೆಂದರೆ ಒಂದು ಕಿಲೋ ತೂಕ. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಹೆಚ್ಚಿನ ನೀರೆಲ್ಲ ಹೋದ ಮೇಲೆ ಉಳಿಯುವ ತೂಕಕ್ಕೆ ‘ಒಣತೂಕ’ ಎನ್ನುತ್ತಾರೆ. ಅಣ್ಣನಿಗೆ ಈ ಮಾತು ಯಾರೂ ವಿವರಿಸದೆಯೇ ಅರ್ಥವಾಯಿತು. “ಹಸಿ ಹಂಚನ್ನು ಆವಿಗೆಗೆ ಇಟ್ಟರೆ ಒಡೆಯುತ್ತದೆ, ಅವಸರದಲ್ಲಿ ಒಣಗಿಸಿದರೂ ಬಿರಿಯುತ್ತದೆ” ಎಂದ. ಅವನ ಹೋಲಿಕೆ ಸರಿಯಾಗಿಯೇ ಇತ್ತು. ಮೂರು ನಾಲ್ಕು ಕಿಲೋ ನೀರನ್ನು ನಾಲ್ಕು ಗಂಟೆಯಲ್ಲಿ ಎಳೆದು ತೆಗೆಯಹೊರಟರೆ ಒತ್ತಡ ಥಟ್ಟನೆ ಕುಸಿಯುತ್ತದೆ, ಕಾಲು ಸೆಟೆದುಕೊಳ್ಳುತ್ತದೆ.

ಇದನ್ನೆಲ್ಲ ತಿಳಿದ ಮೇಲೆ ನಾನು ಅಣ್ಣನ ಕಾವಲುಗಾರನಾದೆ. ಒಂದು ಲೀಟರಿನ ಬಾಟಲಿಗೆ ಗೆರೆಗಳನ್ನು ಬರೆದೆ. ಒಂದು ಪುಸ್ತಕವಿಟ್ಟು, ಗಂಟೆಗೆ ಎಷ್ಟು ಎಂದು ಗುರುತುಹಾಕತೊಡಗಿದೆ. ಸಂಜೆ ಕಾಲೇಜಿನಿಂದ ಬಂದೊಡನೆ ಮೊದಲು ಬಾಟಲಿಯನ್ನು ನೋಡುತ್ತಿದ್ದೆ, ಆಮೇಲೆ ಅಣ್ಣನ ಮುಖವನ್ನು. ಆದರೂ ತೂಕ ಏರುವುದು ನಿಲ್ಲಲಿಲ್ಲ. ಒತ್ತಡಕ್ಕೆ ಮಾತ್ರೆಗಳು ಎರಡಿದ್ದದ್ದು ಮೂರಾಯಿತು, ಮೂರಿದ್ದದ್ದು ನಾಲ್ಕಾಯಿತು. ಪುಸ್ತಕದ ಲೆಕ್ಕಕ್ಕೂ ತಕ್ಕಡಿಯ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ.

ಆ ರಾತ್ರಿ ಸದ್ದು ಕೇಳಿ ಎದ್ದುಹೋಗಿ ದೀಪ ಹಾಕಿದೆ. ಅಣ್ಣ ಹಂಡೆಯ ಬಳಿ ನಿಂತು ಕೈಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ. ಲೋಟ ತೆಗೆದರೆ ಸದ್ದಾದೀತೆಂದು ಬೊಗಸೆ. ಅರುವತ್ತೊಂದು ವರ್ಷದ ಮನುಷ್ಯ, ತನ್ನ ಮನೆಯಲ್ಲಿ, ತನ್ನ ದುಡಿಮೆಯಿಂದ ಎದ್ದುನಿಂತ ಅಡಿಗೆಮನೆಯಲ್ಲಿ, ಕಳ್ಳನಂತೆ ನಿಂತಿದ್ದ. ನನಗೆ ಕನಿಕರ ಬರಬೇಕಿತ್ತು, ಬಂದದ್ದು ಸಿಟ್ಟು.

“ನಾಲಿಗೆಯ ಮೇಲೆ ಒಂದು ಗುಟುಕಿನಷ್ಟು ಹಿಡಿತ ಇಲ್ಲವಾದರೆ ನಾವು ಇಷ್ಟೆಲ್ಲ ಮಾಡುವುದು ಯಾರಿಗಾಗಿ ಅಣ್ಣಾ?” ಎಂದೆ.

ಅವನು ಕೈ ಒರಸಿಕೊಂಡು ತುಳುವಿನಲ್ಲಿ ಒಂದೇ ಮಾತು ಹೇಳಿದ: “ನೀನು ನನ್ನನ್ನು ಬದುಕಿಸುತ್ತಾ ಇದ್ದೀಯೋ, ಕಾಯುತ್ತಾ ಇದ್ದೀಯೋ?” ಮತ್ತೆ ಹೋಗಿ ಮಲಗಿದ. ನಾನು ಮರುದಿನ ಅಡಿಗೆಮನೆಯ ಬಾಗಿಲಿಗೆ ಚಿಲಕ ಹಾಕಿಸಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಬರೆಯದೆ ಮುಂದಿನದನ್ನು ಹೇಳುವ ಹಕ್ಕು ನನಗಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತೂಕ ಮೂರೂವರೆ ಕಿಲೋ ಏರಿತ್ತು; ಒತ್ತಡ 190ರ ಮೇಲಿತ್ತು. ನಾನು ಡಾಕ್ಟರರ ಮುಂದೆ ನನ್ನ ಪುಸ್ತಕವನ್ನು ಬಿಚ್ಚಿಟ್ಟು, ದೂರು ಹೇಳುವವನ ದನಿಯಲ್ಲಿ, “ರಾತ್ರಿ ಎದ್ದು ಕುಡಿಯುತ್ತಾನೆ ಡಾಕ್ಟ್ರೇ” ಎಂದೆ. ಆಕೆ ಪುಸ್ತಕವನ್ನು ನೋಡಲಿಲ್ಲ.

“ನೀರಿನ ಲೆಕ್ಕ ಆಮೇಲೆ ನೋಡುವ ಸರ್. ಮನೆಯಲ್ಲಿ ಊಟಕ್ಕೆ ಎಂತ ಮಾಡುತ್ತೀರಿ, ಅದನ್ನು ಹೇಳಿ” ಎಂದರು.

ನಾನು ಹೇಳುತ್ತ ಹೋದೆ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಅದಕ್ಕೆ ಒಂದು ಹರಳು ಉಪ್ಪು, ನಂಜಿಕೊಳ್ಳಲು ಮಾವಿನ ಮಿಡಿ. ಮಧ್ಯಾಹ್ನ ಅನ್ನ, ಮೀನಿನ ಸಾರು. ಮಳೆಗಾಲದಲ್ಲಿ ಹಸಿಮೀನು ಸಿಗದಿದ್ದರೆ ಒಣಸಿಗಡಿ ಚಟ್ನಿ. ಕೆಲವು ದಿನ ಉಪ್ಪುಸೊಳೆಯ ಪಲ್ಯ. ರಾತ್ರಿ ಒಂದು ಹಪ್ಪಳ. ಹೇಳುತ್ತಿದ್ದಂತೆ ನನ್ನ ದನಿ ತಾನಾಗಿಯೇ ತಗ್ಗಿತು. ಮಳೆಗಾಲವನ್ನು ಕಳೆಯಲು ಈ ಕರಾವಳಿಯ ಹಿರಿಯರು ಉಪ್ಪಿನಲ್ಲಿ ಹೂತಿಟ್ಟ ಪದಾರ್ಥಗಳ ಪಟ್ಟಿಯನ್ನೇ ನಾನು ಓದುತ್ತಿದ್ದೆ. ಗಂಜಿಯ ತಿಳಿ ನೀರೆಂದು ನನ್ನ ಪುಸ್ತಕಕ್ಕೆ ಹೊಳೆದಿರಲೇ ಇಲ್ಲ. ಉಪ್ಪಿಗಂತೂ ಅದರಲ್ಲಿ ಕಾಲಮ್ಮೇ ಇರಲಿಲ್ಲ.

“ಸಲಾಯಿನ್ ಬಾಟಲಿ ನೋಡಿದ್ದೀರಲ್ಲ? ಒಂದು ಲೀಟರಿಗೆ 9 ಗ್ರಾಂ ಉಪ್ಪು. ರಕ್ತಕ್ಕೆ ಒಗ್ಗುವ ಪ್ರಮಾಣ ಅದು. ಹೊರಗೆ ಹೋಗದ ಉಪ್ಪು ಒಳಗೆ ಉಳಿದರೆ, ಆ ಪ್ರಮಾಣ ಬರುವಷ್ಟು ನೀರನ್ನು ದೇಹ ಬೇಡಿಯೇ ಬೇಡುತ್ತದೆ. ಉಪ್ಪು ಕಡಮೆ ಮಾಡದೆ ನೀರು ಕಡಮೆ ಮಾಡಿ ಎಂದರೆ ಅದು ಆಗುವ ಮಾತಲ್ಲ” ಎಂದು ಆಕೆ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೂ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆನ್ನುತ್ತದೆ; ಎಂದರೆ ಸುಮಾರು ಒಂದು ಚಮಚ. ನಮ್ಮ ಮನೆಯಲ್ಲಿ ಅಷ್ಟು ಬೆಳಗ್ಗಿನ ಗಂಜಿ ಮಿಡಿಯಲ್ಲಿಯೇ ಮುಗಿಯುತ್ತಿದ್ದಿರಬೇಕು.

ಗಾದೆ ನನಗೆ ನೆನಪಾದದ್ದು ಅಲ್ಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಸರಿ, ಆದರೆ ಉಪ್ಪನ್ನು ಇಟ್ಟವರು ಯಾರು? ಹಗಲು ನಾವು ತಟ್ಟೆಗೆ ಬಡಿಸಿದ್ದನ್ನು ಅಣ್ಣ ರಾತ್ರಿ ಹಂಡೆಯ ಬಳಿ ತೀರಿಸುತ್ತಿದ್ದ. ಬಾಯಾರಿಕೆಯನ್ನು ನಾವು ಹುಟ್ಟಿಸಿ, ಬಾಯಾರಿದ್ದಕ್ಕೆ ಅವನ ಶೀಲವನ್ನು ಹಳಿಯುತ್ತಿದ್ದೆವು. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಇನ್ನೊಂದು ಗಾದೆಯುಂಟು. ನನಗೆ ಉಪ್ಪಿಟ್ಟು ಸಾಕಿದವನು ಅಣ್ಣ. ಅವನ ಮುಪ್ಪಿನಲ್ಲಿ ನಾನು ಅವನಿಗೆ ಇಡುತ್ತಿದ್ದದ್ದೂ ಉಪ್ಪೇ.

ಇಲ್ಲಿ ಪ್ರಶ್ನೆ ನಮ್ಮ ಮನೆಯದು ಮಾತ್ರವಲ್ಲ. ಕಾಯಿಲೆಯ ವಿಷಯ ಮಾತಾಡುವಾಗ ನಾವು ಬಳಸುವ ಶಬ್ದಗಳನ್ನು ಗಮನಿಸಿ: ಪಥ್ಯ ‘ಮುರಿದ’, ಬಾಯಿ ‘ಬಿಟ್ಟ’, ಹೇಳಿದ ಮಾತು ‘ಕೇಳಲಿಲ್ಲ’. ಇವು ಅಪರಾಧದ ಶಬ್ದಗಳು. ಇಂದ್ರಿಯನಿಗ್ರಹವನ್ನು ಹೊಗಳಿ ಬೆಳೆದ ಜನ ನಾವು. ರೋಗ ಬಂದೊಡನೆ ನಿಗ್ರಹ ತಪ್ಪಿತೆಂದೇ ತೀರ್ಮಾನಿಸುತ್ತೇವೆ. ಆದರೆ ಜಯಪ್ರಕಾಶ ನಾರಾಯಣರು 1975ರ ಕೊನೆಯಿಂದ 1979ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೆ ಡಯಾಲಿಸಿಸ್‌ನ ಆಶ್ರಯದಲ್ಲಿಯೇ ಬದುಕಿದ್ದರು. ಅವರಿಗೆ ಸಂಯಮ ಸಾಲದಾಗಿತ್ತು ಎಂದು ಯಾರಾದರೂ ಹೇಳಿಯಾರೆ?

ಈ ಯಂತ್ರದ ಇತಿಹಾಸದಲ್ಲಿಯೇ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ, ವಿಲೆಮ್ ಕೋಲ್ಫ್ ಎಂಬ ವೈದ್ಯ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ಮಾಡಿದ. ಅದನ್ನು ಮೊದಲು ಬಳಸಿದ್ದು 1943ರಲ್ಲಿ. ಮೊದಲಿನ ರೋಗಿಗಳಲ್ಲಿ ಹೆಚ್ಚುಕಡಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ ಯಂತ್ರದಿಂದ ಬದುಕಿ ಉಳಿದವಳು 67 ವರ್ಷದ ಒಬ್ಬ ಹೆಂಗಸು. ನಾತ್ಸಿಗಳ ಪಕ್ಷವಹಿಸಿದ್ದಕ್ಕಾಗಿ ಸೆರೆಯಲ್ಲಿದ್ದವಳು, ಊರವರ ದ್ವೇಷಕ್ಕೆ ಪಾತ್ರಳಾಗಿದ್ದವಳು. ಕೋಲ್ಫ್ ನಾತ್ಸಿಗಳ ವಿರೋಧಿ. ಆದರೂ ಅವನು ಅವಳ ಯೋಗ್ಯತೆಯನ್ನು ವಿಚಾರಿಸಲಿಲ್ಲ.

ಅಮೆರಿಕದ ಸಿಯಾಟಲಿನಲ್ಲಿ ಆದದ್ದು ಬೇರೆ. ಅಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ಕೈಗೆ ಶಾಶ್ವತವಾಗಿ ಕೊಳವೆ ಜೋಡಿಸುವ ಉಪಾಯ ಕಂಡುಹಿಡಿದುದರಿಂದ, ರೋಗಿ ಮತ್ತೆ ಮತ್ತೆ ಡಯಾಲಿಸಿಸ್ ಪಡೆದು ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು. ಆದರೆ ಯಂತ್ರಗಳು ಕಡಮೆ, ರೋಗಿಗಳು ಹೆಚ್ಚು. ಯಾರನ್ನು ಉಳಿಸುವುದು ಎಂದು ಗೊತ್ತುಮಾಡಲು ಊರ ಗಣ್ಯರ ಒಂದು ಸಮಿತಿ ಕುಳಿತಿತು. ಅದು ಕೆಲಸ, ಸಂಸಾರ, ಇಗರ್ಜಿಗೆ ಹೋಗುವ ಅಭ್ಯಾಸ, ನಡತೆ ಇವನ್ನೆಲ್ಲ ತೂಗಿ ನೋಡಿತು. 1962ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಲೋಕ ಬೆಚ್ಚಿತು. ಕೊನೆಗೆ 1972ರಲ್ಲಿ ಅಲ್ಲಿನ ಸರಕಾರ ಡಯಾಲಿಸಿಸ್ ವೆಚ್ಚವನ್ನು ಹೊರುವ ಕಾನೂನು ಮಾಡಿತು. ನಮ್ಮಲ್ಲಿಯೂ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದು, ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ದೊರೆಯುವ ಏರ್ಪಾಡಾಯಿತು. ಅಲ್ಲಿ ನಡತೆಯ ಪ್ರಮಾಣಪತ್ರ ಕೇಳುವವರಿಲ್ಲ. ಆದರೆ ಸಿಯಾಟಲಿನ ಆ ಸಮಿತಿ ನಮ್ಮ ನಮ್ಮ ಮನೆಗಳಲ್ಲಿ ಇನ್ನೂ ಕುಳಿತಿದೆಯೆಂದು ನನಗನಿಸುತ್ತದೆ. ನಮ್ಮ ಮನೆಯಲ್ಲಂತೂ ಅದರ ಅಧ್ಯಕ್ಷ ನಾನೇ ಆಗಿದ್ದೆ.

ವಾಚಕರಲ್ಲಿ ಕೆಲವರು ಇಲ್ಲಿ ಆಕ್ಷೇಪಿಸಬಹುದು: ಹಾಗಾದರೆ ರೋಗಿಗೆ ಜವಾಬ್ದಾರಿಯೇ ಇಲ್ಲವೆ? ಎಲ್ಲವನ್ನೂ ಉಪ್ಪಿನ ತಲೆಗೆ ಕಟ್ಟಿದರೆ ಅವನನ್ನು ಇಚ್ಛಾಶಕ್ತಿಯಿಲ್ಲದ ಗೊಂಬೆಯೆಂದು ಹೇಳಿದಂತಾಗಲಿಲ್ಲವೆ? ಆಕ್ಷೇಪ ಸರಿಯಾದುದೇ. ಜವಾಬ್ದಾರಿ ಉಂಟು. ಆದರೆ ಮನುಷ್ಯನಿಂದ ಆಗುವುದನ್ನು ಕೇಳಿದರೆ ಮಾತ್ರ ಅದು ಜವಾಬ್ದಾರಿ. ಆಗದ್ದನ್ನು ಕೇಳಿ ತಪ್ಪು ಹಿಡಿಯುವುದು ಹಿಂಸೆ. ಇದನ್ನು ಪರೀಕ್ಷಿಸಲು ನಾನೊಮ್ಮೆ ದಿನಕ್ಕೆ ಒಂದು ಲೀಟರಿನ ವ್ರತ ಹಿಡಿದೆ. ಬೆಳಗ್ಗೆ ಎಂದಿನಂತೆ ಗಂಜಿ, ಮಿಡಿ ಉಂಡು ಹೋದೆ. ಎರಡು ಪಾಠ ಮಾಡುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತು. ಮೂರು ಗಂಟೆಗೆ ಅಧ್ಯಾಪಕರ ಕೋಣೆಯ ಹೂಜಿಯ ಮುಂದೆ ನಿಂತಿದ್ದೆ. ಅರಿಷಡ್ವರ್ಗಗಳ ಮೇಲೆ ಅಂದೇ ಬೆಳಗ್ಗೆ ಉಪನ್ಯಾಸ ಮಾಡಿದ್ದೆ ಎಂಬುದು ಆಮೇಲೆ ನೆನಪಾಯಿತು. ಅಣ್ಣ ಆ ಹೊತ್ತಿಗೆ ಎರಡೂವರೆ ವರ್ಷ ಇದನ್ನು ಮಾಡಿದ್ದ, ಅದೂ ಬೈಸಿಕೊಂಡು.

ಬಯ್ಯುವುದರಿಂದ ಇನ್ನೊಂದು ಅನರ್ಥವೂ ಉಂಟು. ಬೈಗುಳಕ್ಕೆ ಹೆದರಿದವನು ಸುಳ್ಳು ಹೇಳುತ್ತಾನೆ. ಸುಳ್ಳು ಲೆಕ್ಕವನ್ನು ನಂಬಿ ವೈದ್ಯರು ಮಾತ್ರೆ ಏರಿಸುತ್ತಾರೆ. ಮಾತ್ರೆಯ ವಿಷಯ ಸೂಕ್ಷ್ಮವಾದುದು. ಕೆಲವು ಮಾತ್ರೆಗಳು ಡಯಾಲಿಸಿಸ್‌ನಲ್ಲಿ ರಕ್ತದಿಂದ ತೊಳೆದುಹೋಗುತ್ತವೆ, ಕೆಲವು ಹೋಗುವುದಿಲ್ಲ. ಡಯಾಲಿಸಿಸ್ ದಿನ ಯಾವುದನ್ನು ಯಾವಾಗ ನುಂಗಬೇಕೆಂಬುದನ್ನು ಅವರವರ ವೈದ್ಯರೇ ಹೇಳಬೇಕು, ಪಕ್ಕದ ಹಾಸಿಗೆಯವರಲ್ಲ. ನೀರು ತುಂಬಿದ ದೇಹದಲ್ಲಿ ಮಾತ್ರೆ ಎಷ್ಟು ಹೆಚ್ಚಿಸಿದರೂ ತೂತಿನ ದೋಣಿಗೆ ಬಣ್ಣ ಬಳಿದಂತೆ. ಸಿಯಾಟಲಿನ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್‌ನ ವಿಪರೀತ ಒತ್ತಡವನ್ನು ಸ್ಕ್ರಿಬ್ನರ್ ಇಳಿಸಿದ್ದು ಉಪ್ಪು ಕಡಮೆ ಮಾಡಿ, ಹೆಚ್ಚಿನ ನೀರು ತೆಗೆದು. ಆತ ಹನ್ನೊಂದು ವರ್ಷ ಬದುಕಿದ. ಫ್ರಾನ್ಸಿನ ಲಿಯೋಂ ನಗರದ ಬಳಿಯ ತಾಸಿನ್ ಎಂಬಲ್ಲಿ ವೈದ್ಯರು ಉಪ್ಪು ಕಡಮೆಯಿರುವ ಊಟ ಮತ್ತು ವಾರಕ್ಕೆ ಮೂರು ಸಲ ಎಂಟೆಂಟು ಗಂಟೆಯ ನಿಧಾನವಾದ ಡಯಾಲಿಸಿಸ್ ಇವೆರಡನ್ನೇ ನಂಬಿದರು. ಅಲ್ಲಿ ಬಹುಮಂದಿಗೆ ಒತ್ತಡದ ಮಾತ್ರೆಯೇ ಬೇಕಾಗಲಿಲ್ಲವೆಂದು ಬರ್ನಾರ್ ಶಾರಾ ಮತ್ತು ಸಂಗಡಿಗರು 1992ರಲ್ಲಿ ಬರೆದರು. ನಮ್ಮೂರಿನಲ್ಲಿ ಎಂಟು ಗಂಟೆಯ ಯಂತ್ರ ಎಲ್ಲರಿಗೂ ಸಿಗಲಾರದು. ಆದರೆ ಉಪ್ಪಿನ ಭರಣಿ ಇರುವುದು ನಮ್ಮ ಕೈಯಲ್ಲಿಯೇ.

ಆದುದರಿಂದ ನಾವು ಮಾಡಿದ್ದು ಇಷ್ಟು. ಅಣ್ಣನಿಗೆ ಬೇರೆ ಅಡಿಗೆ ಎಂಬುದನ್ನು ನಿಲ್ಲಿಸಿದೆವು. ಒಬ್ಬನ ತಟ್ಟೆಯಲ್ಲಿ ಸಪ್ಪೆ, ಐವರ ತಟ್ಟೆಯಲ್ಲಿ ರುಚಿ ಎಂದರೆ ಅದು ಊಟವಲ್ಲ, ಶಿಕ್ಷೆ. ಈಗ ಮನೆಗೆಲ್ಲ ಒಂದೇ ಸಾರು. ಅತ್ತಿಗೆ ಹುಳಿ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿಗಳಿಂದ ರುಚಿ ಕಟ್ಟುವುದನ್ನು ಕಲಿತರು. ಉಪ್ಪಿನಕಾಯಿಯ ಭರಣಿ ನೆಂಟರ ಮನೆ ಸೇರಿತು. ‘ಸೈಂಧವ ಉಪ್ಪು ಬಳಸಿ, ಅದು ತಂಪು’ ಎಂದು ಕೆಲವರು ಹೇಳಿದರು; ಅದೂ ಉಪ್ಪೇ. ಅಂಗಡಿಯಲ್ಲಿ ‘ಕಡಮೆ ಸೋಡಿಯಂ’ ಎಂದು ಸಿಗುವ ಉಪ್ಪು ಇನ್ನೂ ಅಪಾಯ. ಅದರಲ್ಲಿರುವ ಪೊಟ್ಯಾಸಿಯಂ ಇಂಥ ರೋಗಿಗಳ ಹೃದಯವನ್ನೇ ನಿಲ್ಲಿಸಬಹುದು. ರೋಗಿಯನ್ನು ನೋಡಲು ಬರುವವರು ಪ್ರೀತಿಯಿಂದ ತರುವ ಎಳನೀರಿಗೂ ಇದೇ ಕಾರಣದಿಂದ ಕೈಮುಗಿಯಬೇಕಾಯಿತು. ನೆಂಟರ ಮನೆಯಲ್ಲಿ ಬೆಲ್ಲ ನೀರು ಬೇಡವೆಂದರೆ ಮರ್ಯಾದೆ ಹೋದೀತಲ್ಲ ಎಂಬುದು ಅಣ್ಣನಿಗೆ ದೊಡ್ಡ ಸಂಕಟವಾಗಿತ್ತು. ಈಗ ಅವನು ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತುಟಿ ಒದ್ದೆಮಾಡಿಕೊಂಡು, ಪಕ್ಕಕ್ಕೆ ಇಡುತ್ತಾನೆ. ತಿಳಿದವರು ಒತ್ತಾಯಿಸುವುದಿಲ್ಲ.

ಫಲ ಒಮ್ಮೆಲೇ ಬರಲಿಲ್ಲ. ಮೊದಲ ಎರಡು ವಾರ ಎಲ್ಲರಿಗೂ ಊಟ ಮಣ್ಣಿನಂತಿತ್ತು. ನಾನು ಕಾಲೇಜಿನ ಕ್ಯಾಂಟೀನಿನಲ್ಲಿ ಕದ್ದು ಪಕೋಡ ತಿಂದದ್ದೂ ಉಂಟು. ಮನೆಯ ಎರಡನೆಯ ಕಳ್ಳ ನಾನು. ಮೂರನೆಯ ವಾರ ನಾಲಿಗೆ ಒಗ್ಗಿತು. ಎರಡು ಡಯಾಲಿಸಿಸ್‌ಗಳ ನಡುವೆ ಅಣ್ಣನ ತೂಕ ಏರುವುದು ಎರಡು ಕಿಲೋದ ಆಸುಪಾಸಿಗೆ ಬಂತು. ಒಣತೂಕ ಹಿಡಿತಕ್ಕೆ ಬಂದ ಮೇಲೂ ಒತ್ತಡ ಇಳಿಯಲು ವಾರಗಳೇ ಹಿಡಿಯುತ್ತವೆ, ತಾಳ್ಮೆಯಿರಲಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೂರು ತಿಂಗಳ ಮೇಲೆ ಅವರು ನಾಲ್ಕು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದರು, ಆಮೇಲೆ ಇನ್ನೊಂದನ್ನು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಕಾಯಿಲೆ ಹೋಗಿಲ್ಲ, ಯಂತ್ರವೂ ತಪ್ಪಿಲ್ಲ.

ಅಡಿಗೆಮನೆಯ ಚಿಲಕವನ್ನು ನಾನೇ ಕಳಚಿದೆ. ಲೆಕ್ಕದ ಪುಸ್ತಕ ಈಗ ಅಣ್ಣನ ಬಳಿ ಇದೆ. ಹಳೆಯ ಗುಮಾಸ್ತೆಯ ದುಂಡಗಿನ ಅಕ್ಷರದಲ್ಲಿ ಅವನೇ ಬರೆಯುತ್ತಾನೆ: ನೀರು ಇಷ್ಟು, ತೂಕ ಇಷ್ಟು, ಒತ್ತಡ ಇಷ್ಟು. ಅವನಿಲ್ಲದಾಗ ಅದನ್ನು ತೆರೆದು ನೋಡುವ ಅಭ್ಯಾಸ ನನಗೆ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಮೊನ್ನೆ ನೋಡಿದೆ. ಸೆಕೆ ಹೆಚ್ಚಿದ್ದ ಒಂದು ದಿನದ ಎದುರು ಹೀಗೆ ಬರೆದಿತ್ತು: “ರಾತ್ರಿ ಎರಡು ಲೋಟ ಹೆಚ್ಚು. ಡಾಕ್ಟರಿಗೆ ಹೇಳುವುದು.” ಬೊಗಸೆಯಲ್ಲ, ಲೋಟ. ನಾನು ಪುಸ್ತಕವನ್ನು ಮುಚ್ಚಿ ಇದ್ದಲ್ಲಿಯೇ ಇಟ್ಟೆ.